ರಾಯಭಾರ ಕಚೇರಿಗೆ ಪೋಸ್ಟ್ ಹಾಕುವ ಕೆಲಸ: ಹಾಸನದ ಕಂಪ್ಯೂಟರ್ ಅಂಗಡಿಯಿಂದ ನನ್ನ ಅನುಭವ

"ಟ್ವಿಟರ್‌ನಲ್ಲಿ ಎರಡು ಸಾಲು ಬರೆದರೆ ಕುವೈತ್‌ನಿಂದ ಆಳು ವಾಪಸ್ ಬರ್ತಾನಾ?" ಹೊರದೇಶದಲ್ಲಿ ಸಿಕ್ಕಿಬಿದ್ದ ನಮ್ಮವರ ಪರವಾಗಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಟ್ವಿಟರ್‌ನಲ್ಲಿ ಪೋಸ್ಟ್ ಹಾಕುವ ಕೆಲಸ ಶುರು ಮಾಡಿದಾಗ ಬಿ.ಎಂ. ರಸ್ತೆಯ ನಮ್ಮ ಕಸುಬಿನವರೇ ಹೀಗೆ ಕೇಳಿ ನಕ್ಕಿದ್ದರು. ಎಂಪಿ ಪತ್ರ ಹಿಡಿದು ದೆಹಲಿಗೆ ಹೋಗಬೇಕು, ಇಲ್ಲವೇ ಕಳಿಸಿದ ಏಜೆಂಟನ ಕಾಲು ಹಿಡಿಯಬೇಕು, ಮೂರನೇ ದಾರಿ ಇಲ್ಲ ಅನ್ನುವುದು ಅವರ ಲೆಕ್ಕ. ಈಗ ಸಕಲೇಶಪುರ, ಮೂಡಿಗೆರೆ, ಕಡೂರಿನ ಅಂಗಡಿಗಳಿಂದಲೂ "ಇದೊಂದು ನೋಡಿ ಸರ್" ಅಂತ ನನ್ನ ವಾಟ್ಸಾಪ್‌ಗೆ ಫೈಲು ಬರುತ್ತವೆ. ನಕ್ಕವರಲ್ಲಿ ಇಬ್ಬರು ನನ್ನ ನಮೂನೆಯನ್ನೇ ಕಾಪಿ ಹೊಡೆದು ಇದೇ ಕೆಲಸ ಮಾಡುತ್ತಿದ್ದಾರೆ. ಬೇಜಾರಿಲ್ಲ. ಆದರೆ ಅರ್ಧಂಬರ್ಧ ಕಾಪಿ ಹೊಡೆದು ಕೇಸ್ ಕೆಡಿಸಿಕೊಂಡು ಮತ್ತೆ ನನ್ನ ಹತ್ತಿರವೇ ಬರುತ್ತಾರೆ, ಅದಕ್ಕೆ ಈ ಬರಹ.

ಪುಸ್ತಕ ನೋಡದೆ ನೆನಪಿನಿಂದ ಹೇಳುವುದಾದರೆ ಆರೇಳು ವರ್ಷದಲ್ಲಿ ನೂರಿಪ್ಪತ್ತರ ಆಸುಪಾಸು ಕೇಸ್. ಎಂಬತ್ತು ಚಿಲ್ಲರೆಗೆ ಆ ಕಡೆಯಿಂದ ಉತ್ತರ ಬಂದಿದೆ, ಐವತ್ತೈದು ಅರವತ್ತು ಪೂರ್ತಿ ಮುಗಿದಿವೆ. ಮೊದಲ ವರ್ಷದ ಇಪ್ಪತ್ತು ಕೇಸಿನಲ್ಲಿ ಉತ್ತರ ಬಂದದ್ದು ಎರಡಕ್ಕೆ ಮಾತ್ರ. ಮದದ್ ಪೋರ್ಟಲ್ (ಹೊರದೇಶದಲ್ಲಿರುವ ಭಾರತೀಯರ ದೂರು ದಾಖಲಿಸುವ ಸರ್ಕಾರಿ ತಾಣ), ಇ-ಮೈಗ್ರೇಟ್ (ಕೆಲಸಕ್ಕೆ ಹೊರದೇಶಕ್ಕೆ ಹೋಗುವವರ ಸರ್ಕಾರಿ ತಾಣ), ಪಾಸ್‌ಪೋರ್ಟ್ ಸೇವಾ ಇವೆಲ್ಲ ದಿನಾ ತೆರೆಯುವವರಿಗೆ ಇದನ್ನು ಬರೆಯುತ್ತಿದ್ದೇನೆ, ಲಾಗಿನ್ ಮಾಡುವುದು ಹೇಗೆ ಅಂತ ಇಲ್ಲಿ ಸಿಗುವುದಿಲ್ಲ.

ಮೊದಲ ವರ್ಷ ಯಾಕೆ ಕೆಟ್ಟಿತು ಅಂದರೆ ಎಲ್ಲರ ಹಾಗೆ ನಾನೂ ಸುಷ್ಮಾ ಸ್ವರಾಜ್ ಕಾಲದ ನೆನಪಿನಲ್ಲೇ ಇದ್ದೆ. 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿದ್ದವರು ಸ್ವತಃ ಉತ್ತರ ಬರೆಯುತ್ತಿದ್ದರು. ಮಂಗಳ ಗ್ರಹದಲ್ಲಿ ಸಿಕ್ಕಿಹಾಕಿಕೊಂಡಿದ್ದರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿ ನೆರವಾಗುತ್ತದೆ ಅಂತ 2017ರಲ್ಲಿ ಅವರು ತಮಾಷೆಗೆ ಬರೆದದ್ದು ಎಲ್ಲರಿಗೂ ನೆನಪಿದೆ. ಫ್ರಿಜ್ ಕೆಟ್ಟಿದೆ ಅಂದವನಿಗೂ ಉತ್ತರ ಕೊಟ್ಟಿದ್ದರು, ಆ ವಿಷಯದಲ್ಲಿ ನೆರವಾಗಲಾರೆ ಅಂತ. ಹಾಗಾಗಿ ಇವತ್ತಿಗೂ ಜನ ನೇರ ಸಚಿವರನ್ನೇ ಟ್ಯಾಗ್ ಮಾಡುತ್ತಾರೆ. ಆ ಕಾಲ ಮುಗಿದಿದೆ. ಈಗ ಕೆಲಸ ನಡೆಯುವುದು ಆಯಾ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನ ಖಾತೆಯಿಂದ. ಅದನ್ನು ನೋಡಿಕೊಳ್ಳುವುದು ಎಷ್ಟೋ ಕಡೆ ಒಬ್ಬ ಕಿರಿಯ ಅಧಿಕಾರಿ, ಜೊತೆಗೆ ಒಬ್ಬಿಬ್ಬರು ಸ್ಥಳೀಯ ಸಿಬ್ಬಂದಿ. ಬೆಳಿಗ್ಗೆ ಯೋಗ ದಿನದ ಫೋಟೊ ಹಾಕುವವರೂ ಅವರೇ, ಮಧ್ಯಾಹ್ನ ನಿಮ್ಮ ದೂರು ಓದುವವರೂ ಅವರೇ. ದೂರು ಅವರ ಕೈಯಲ್ಲಿ ಬಗೆಹರಿಯುವುದಿಲ್ಲ, ಕಾನ್ಸುಲರ್ ವಿಭಾಗಕ್ಕೋ ಕಾರ್ಮಿಕ ವಿಭಾಗಕ್ಕೋ ಹೋಗಬೇಕು. ಆ ಮೇಜಿನವನು ಕೇಳುವ ಮೊದಲ ಪ್ರಶ್ನೆಗೆ ಇವರ ಹತ್ತಿರ ಉತ್ತರ ಇಲ್ಲದಿದ್ದರೆ ನಿಮ್ಮ ಪೋಸ್ಟ್ ಅಲ್ಲೇ ನಿಂತಿತು.

ಇಷ್ಟು ತಲೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು. ಕೆಲಸ ಮಾಡುವುದು ಫೈಲು. ಪೋಸ್ಟ್ ಅನ್ನುವುದು ಆ ಫೈಲನ್ನು ಅಡಿಯಿಂದ ಮೇಲಕ್ಕೆ ಎತ್ತುವ ಚೀಟಿ ಅಷ್ಟೇ. ಫೈಲಿಲ್ಲದೆ ಚೀಟಿ ಹಾಕಿದರೆ ಯಾವುದನ್ನು ಎತ್ತುವುದು?

ಹಾಗಾಗಿ ಮೊದಲು ಫೈಲಿನ ವಿಷಯ.

ಮನೆಯವರು ಪಾಸ್‌ಪೋರ್ಟ್ ಜೆರಾಕ್ಸನ್ನು ನಾಲ್ಕಾಗಿ ಮಡಚಿ ತರುತ್ತಾರೆ, ಮಡಚಿದ ಗೆರೆ ಸರಿಯಾಗಿ ನಂಬರಿನ ಮೇಲೇ ಬಂದಿರುತ್ತದೆ. ನಮ್ಮ ಪಾಸ್‌ಪೋರ್ಟ್ ನಂಬರ್ ಅಂದರೆ ಒಂದು ಅಕ್ಷರ, ಏಳು ಅಂಕಿ. ಮೊದಲನೆಯದು ಯಾವಾಗಲೂ ಅಕ್ಷರ, ಉಳಿದವು ಯಾವಾಗಲೂ ಅಂಕಿ, ಸೊನ್ನೆಯೋ ಓ ಅಕ್ಷರವೋ ಅನ್ನುವ ಗೊಂದಲ ಅಲ್ಲೇ ತೀರುತ್ತದೆ. ಆದರೂ ಅನುಮಾನವಿದ್ದರೆ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳು ತುಂಬಿದ ಎರಡು ಸಾಲು ಇರುತ್ತವಲ್ಲ, ಅದರ ಎರಡನೇ ಸಾಲು ಶುರುವಾಗುವುದೇ ಪಾಸ್‌ಪೋರ್ಟ್ ನಂಬರಿನಿಂದ. ಎರಡನ್ನೂ ತಾಳೆ ನೋಡಿ. ಒಂದಂಕಿ ತಪ್ಪಿ ನನ್ನ ಎರಡು ಕೇಸ್ ಮೂರು ವಾರ ಅಲೆದಿವೆ.

ಎರಡನೆಯದು ಆ ದೇಶದ ಗುರುತಿನ ನಂಬರ್. ಸೌದಿಯ ಇಕಾಮಾ ಹತ್ತಂಕಿ, 2ರಿಂದ ಶುರು. ಯುಎಇ ಗುರುತಿನ ಚೀಟಿ ಹದಿನೈದಂಕಿ, 784ರಿಂದ ಶುರು. ಕುವೈತ್ ಸಿವಿಲ್ ಐಡಿ ಹನ್ನೆರಡಂಕಿ. ಎಣಿಸಿ ನೋಡಿ, ಒಂದು ಕಡಿಮೆ ಬಿದ್ದರೆ ಫೋನಿನಲ್ಲಿ ಹೇಳಿಸಿಕೊಂಡವರು ತಪ್ಪು ಬರೆದುಕೊಂಡಿದ್ದಾರೆ ಅಂತ ಅರ್ಥ. ಅಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ಆಳನ್ನು ಹುಡುಕುವುದು ಈ ನಂಬರಿನಿಂದ, ಹೆಸರಿನಿಂದಲ್ಲ. ನಮ್ಮ ಕಡೆಯ ಹೆಸರುಗಳ ಪಾಡು ಗೊತ್ತಲ್ಲ: ಇನಿಷಿಯಲ್ ಬಿಡಿಸಿದರೆ ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿ ಮೂರು ರೂಪ. ಪಾಸ್‌ಪೋರ್ಟಿನಲ್ಲಿ ಇರುವ ಸ್ಪೆಲಿಂಗ್ ಬಿಟ್ಟು ಬೇರೇನೂ ಬರೆಯಬೇಡಿ.

ಮೂರನೆಯದು ಮಾಲೀಕ, ಅಂದರೆ ಕಫೀಲ್‌ನ ಹೆಸರು. "ಬಾಬಾ ಅಂತ ಕರೀತಾರೆ" ಅಂದರೆ ಸಾಲದು, ವೀಸಾ ಹಾಳೆಯಲ್ಲಿ ಅರಬ್ಬಿಯಲ್ಲಿ ಇರುವುದು ಬೇಕು. ಅರಬ್ಬಿಯನ್ನು ಇಂಗ್ಲಿಷಿಗೆ ತರುವಾಗ ಹತ್ತು ಥರ ಬರೆಯಬಹುದು, ಅದಕ್ಕೆ ವೀಸಾ ಹಾಳೆಯ ಫೋಟೊ ಮೂಲದಲ್ಲೇ ಇಟ್ಟುಕೊಳ್ಳಿ. ಜೊತೆಗೆ ಆಳಿನ ವಾಟ್ಸಾಪ್ ನಂಬರ್, ಲೊಕೇಶನ್ ಪಿನ್, ಇಲ್ಲಿ ರಾತ್ರಿ ಹತ್ತಕ್ಕೂ ಫೋನ್ ಎತ್ತುವ ಒಬ್ಬರ ನಂಬರ್. ರಾಯಭಾರ ಕಚೇರಿಯಿಂದ ಫೋನ್ ಬಂದಾಗ ಯಾರೂ ಎತ್ತಲಿಲ್ಲ ಅನ್ನುವುದು ಹಾಳಾದ ಕೇಸುಗಳಿಗೆ ಅತಿ ಸಾಮಾನ್ಯ ಕಾರಣ. ಹೊರದೇಶದ ನಂಬರ್ ಅಂದರೆ ವಂಚಕರು ಅಂತ ಹಳ್ಳಿಯಲ್ಲಿ ಈಗ ಎಲ್ಲರೂ ಕಟ್ ಮಾಡುತ್ತಾರೆ. ಕುವೈತ್‌ಗೆ 965, ಸೌದಿಗೆ 966, ಯುಎಇಗೆ 971 ಅಂತ ಮೂರು ನಂಬರ್ ಚೀಟಿಯಲ್ಲಿ ಬರೆದು ಮನೆಯ ಕ್ಯಾಲೆಂಡರಿಗೆ ಅಂಟಿಸಿ ಕಳಿಸುತ್ತೇನೆ.

ಇಷ್ಟಾದ ಮೇಲೆ 2015ರಿಂದ ಇರುವ ಮದದ್‌ನಲ್ಲಿ ದೂರು ದಾಖಲಿಸಿ ನಂಬರ್ ಪಡೆಯಬೇಕು. ವಿಭಾಗ ಸರಿಯಾಗಿ ಆರಿಸಿ. ಸಂಬಳ ಬಾಕಿ ಬೇರೆ, ವಾಪಸ್ ಕರೆಸುವುದು ಬೇರೆ, ಜೈಲು ಬೇರೆ, ಶವ ತರಿಸುವುದು ಬೇರೆ. ಎಲ್ಲರೂ ತಪ್ಪುವುದು ಇಲ್ಲೇ: ಸಂಬಳವೂ ಬೇಕು, ನಾಳೆಯೇ ವಾಪಸೂ ಬರಬೇಕು ಅಂತ ಎರಡನ್ನೂ ಒಟ್ಟಿಗೆ ಕೇಳುವುದು. ಸಂಬಳಕ್ಕೆ ಅಲ್ಲಿನ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು, ಆಳು ಅಲ್ಲೇ ಇದ್ದರೆ ಕೇಸ್ ಗಟ್ಟಿ. ವಾಪಸ್ ಬರಬೇಕಿದ್ದರೆ ಮುಕ್ತ್ಯಾರ್ ಪತ್ರ ಮಾಡಿಟ್ಟು ಬರಬೇಕು, ಆಗ ಹಣ ಬರುವುದು ದೈವೇಚ್ಛೆ. ಮನೆಯವರನ್ನು ಕೂರಿಸಿ ಒಂದನ್ನು ಆರಿಸಿಕೊಳ್ಳಿ ಅಂತ ಹೇಳುವುದಕ್ಕೇ ಅರ್ಧ ದಿನ ಹೋಗುತ್ತದೆ. ಒಂದೇ ಬೇಡಿಕೆ ಇರುವ ಪೋಸ್ಟಿಗೆ ಮಾತ್ರ ಉತ್ತರ ಬರುತ್ತದೆ, ಇದನ್ನು ಬರೆದಿಟ್ಟುಕೊಳ್ಳಿ.

ಪೋಸ್ಟ್ ಬರೆಯುವ ಕ್ರಮ. ದೇಶ ಮತ್ತು ಊರು, ಸಮಸ್ಯೆ ನಾಲ್ಕು ಪದದಲ್ಲಿ, ಯಾವ ದಿನಾಂಕದಿಂದ, ಮದದ್ ನಂಬರ್, ಬೇಡಿಕೆ, ಕೊನೆಗೆ ಎರಡು ಟ್ಯಾಗ್. ಉದಾಹರಣೆಗೆ: "ಕುವೈತ್, ಜಹ್ರಾ. ಮನೆಕೆಲಸದ ಮಹಿಳೆ, ಐದು ತಿಂಗಳಿಂದ ಸಂಬಳ ಇಲ್ಲ. ಮದದ್ ನಂಬರ್ ಇಂಥದ್ದು, ಇಂಥ ದಿನ ದಾಖಲು. ಆಶ್ರಯ ಕೇಂದ್ರಕ್ಕೆ ಸೇರಿಸಿಕೊಳ್ಳಲು ಕೋರಿಕೆ. ಪಾಸ್‌ಪೋರ್ಟ್ ವಿವರ ಡಿಎಂನಲ್ಲಿ ಕಳಿಸಲು ಸಿದ್ಧ." ಇಷ್ಟೇ. ಡಿಎಂ ಅಂದರೆ ಖಾಸಗಿ ಸಂದೇಶ. ಹೆಸರಿಲ್ಲ, ಮಾಲೀಕನ ಹೆಸರಿಲ್ಲ, ಅಳು ಇಲ್ಲ, ಕೈ ಮುಗಿಯುವ ಚಿಹ್ನೆ ಇಲ್ಲ. ಇದನ್ನು ಇಂಗ್ಲಿಷಿನಲ್ಲೇ ಹಾಕಬೇಕು, ಓದುವವರು ಕೇರಳದವರೋ ಬಿಹಾರದವರೋ ಗೊತ್ತಿಲ್ಲವಲ್ಲ.

ಕನ್ನಡದಲ್ಲಿ ಹಾಕಿಯೂ ನೋಡಿದ್ದೇನೆ. ಹತ್ತು ಹನ್ನೆರಡು ಪೋಸ್ಟಿನ ಮೇಲೆ ಪರೀಕ್ಷೆ ಮಾಡಿದೆ. ಒಂದಕ್ಕೆ ಕನ್ನಡದಲ್ಲೇ ಉತ್ತರ ಬಂತು, ಅಲ್ಲಿ ನಮ್ಮವರು ಯಾರೋ ಇದ್ದಿರಬೇಕು. ಉಳಿದವು ಗೋತಾ. ಇನ್ನೊಂದು ತೊಂದರೆ 280 ಅಕ್ಷರದ ಮಿತಿಯದ್ದು. ಕನ್ನಡದಲ್ಲಿ ಅದು ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕ ಅಲ್ಲ, ಗುಣಿತ ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ರಾಷ್ಟ್ರ" ನಮಗೆ ಎರಡೇ ಅಕ್ಷರ, ಎಕ್ಸ್‌ನ (ಟ್ವಿಟರ್‌ನ ಈಗಿನ ಹೆಸರು) ಲೆಕ್ಕದಲ್ಲಿ ಏಳು: ರ, ದೀರ್ಘ, ಷ, ಹಲಂತ, ಟ, ಹಲಂತ, ರ. ಹೀಗೆ ನಾಲ್ಕು ಸಾಲಿಗೇ ಜಾಗ ಮುಗಿಯುತ್ತದೆ. ಈಗ ನಾನು ಇಂಗ್ಲಿಷ್ ಪೋಸ್ಟಿನ ಕೆಳಗೆ ಮೊದಲ ರಿಪ್ಲೈನಲ್ಲಿ ಕನ್ನಡ ಹಾಕುತ್ತೇನೆ. ಅದು ಸಚಿವಾಲಯಕ್ಕಲ್ಲ, ಊರಿನವರು ಓದಿ ಮನೆಯವರಿಗೆ ಧೈರ್ಯ ಹೇಳಲಿ ಅಂತ.

ಟ್ಯಾಗ್ ಎರಡೇ. ಮೊದಲನೆಯದು ಆ ದೇಶದ ನಮ್ಮ ಕಚೇರಿ. ಸೌದಿಯಲ್ಲಾದರೆ ರಿಯಾದ್ ರಾಯಭಾರ ಕಚೇರಿಯೋ ಜಿದ್ದಾ ಕಾನ್ಸುಲೇಟೋ, ಯುಎಇಯಲ್ಲಾದರೆ ಅಬುಧಾಬಿಯೋ ದುಬೈಯೋ ಅಂತ ಮೊದಲೇ ನೋಡಿಕೊಳ್ಳಬೇಕು. ದುಬೈ, ಶಾರ್ಜಾದ ಕೇಸನ್ನು ಅಬುಧಾಬಿಗೆ ಹಾಕಿದರೆ ವರ್ಗಾವಣೆಯಲ್ಲೇ ವಾರ ಹೋಗುತ್ತದೆ. ಎರಡನೆಯ ಟ್ಯಾಗ್ ಯಾವುದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆರು ವರ್ಷದ ಸಂಪಾದನೆ ಅದೊಂದೇ. ಸಚಿವರದ್ದಲ್ಲ, ಪ್ರಧಾನಿಯದ್ದಂತೂ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಮೊದಲ ವರ್ಷ ನಾನು ಒಂದು ಪೋಸ್ಟಿಗೆ ಹದಿನಾಲ್ಕು ಟ್ಯಾಗ್ ಹಾಕುತ್ತಿದ್ದೆ, ಟಿವಿ ಚಾನೆಲ್‌ಗಳನ್ನೂ ಸೇರಿಸಿ. ಮದುವೆ ಮನೆಯಲ್ಲಿ ಹದಿನಾಲ್ಕು ಜನಕ್ಕೆ ಒಟ್ಟಿಗೆ ನೀರು ತನ್ನಿ ಅಂದ ಹಾಗೆ, ಯಾರೂ ತರಲಿಲ್ಲ.

ಸಮಯ. ಇದನ್ನು ನಮ್ಮವರು ತಾತ್ಸಾರ ಮಾಡುತ್ತಾರೆ, ನನಗೆ ಅತಿ ಹೆಚ್ಚು ಲಾಭ ಬಂದದ್ದು ಇದರಲ್ಲೇ. ಸೌದಿ, ಕುವೈತ್, ಕತಾರ್, ಬಹರೇನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಯುಎಇ, ಒಮಾನ್ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ. ನಾವು ಅಂಗಡಿ ಮುಚ್ಚುವ ಮುಂಚೆ ಗುರುವಾರ ಸಂಜೆ ಏಳಕ್ಕೆ ಕುವೈತ್‌ಗೆ ಪೋಸ್ಟ್ ಹಾಕಿದರೆ ಅದು ಭಾನುವಾರದವರೆಗೆ ಅನಾಥ. ಅಷ್ಟರಲ್ಲಿ ಅದರ ಮೇಲೆ ಐವತ್ತು ಪೋಸ್ಟ್ ಬಿದ್ದಿರುತ್ತವೆ. ಸೌದಿ, ಕುವೈತ್‌ಗೆ ಭಾನುವಾರ ನಮ್ಮ ಸಮಯ ಹನ್ನೊಂದೂಕಾಲು, ದುಬೈಗೆ ಸೋಮವಾರ ಹತ್ತೂವರೆ, ನನ್ನ ಅಲಾರಂ ಹೀಗಿದೆ. ಹಾಸನಾಂಬ ದರ್ಶನದ ದಿನಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆಗ ಮುಂಚಿತವಾಗಿ ಶೆಡ್ಯೂಲ್ ಮಾಡಿಡುವುದು ಒಳ್ಳೆಯದು.

ಸಾವು, ಬಂಧನ, ಯುದ್ಧ ಈ ಮೂರಕ್ಕೆ ಮಾತ್ರ ಈ ಕ್ರಮ ಇಲ್ಲ. ಮೊದಲು ಕಚೇರಿಯ ತುರ್ತು ಫೋನ್, ಆಮೇಲೆ ಇಮೇಲ್, ಪೋಸ್ಟ್ ಕೊನೆಗೆ.

ಸಾವಿನ ಕೇಸಿನಲ್ಲಿ ಪೋಸ್ಟಿಗಿಂತ ಕಾಗದ ಮುಖ್ಯ. ಮನೆಯವರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಸ್ಕ್ಯಾನ್ ಕಳಿಸಬೇಕು, ಅದಿಲ್ಲದೆ ನಿರಾಕ್ಷೇಪಣಾ ಪತ್ರ ಹುಟ್ಟುವುದಿಲ್ಲ. ಖರ್ಚು ಮೊದಲು ಮಾಲೀಕನ ಜವಾಬ್ದಾರಿ. ಆತ ಕೈ ಎತ್ತಿದರೆ, ಮನೆಯವರಿಗೂ ಶಕ್ತಿ ಇಲ್ಲದಿದ್ದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಪ್ರತಿ ರಾಯಭಾರ ಕಚೇರಿಯಲ್ಲೂ ಇದೆ, 2009ರಲ್ಲಿ ಶುರುವಾದದ್ದು. ಬೇಡಿಕೆಯ ಸಾಲಿನಲ್ಲಿ "ದಯವಿಟ್ಟು ಸಹಾಯ ಮಾಡಿ" ಅನ್ನುವ ಬದಲು ಆ ನಿಧಿಯ ಹೆಸರು ಬರೆದು ನೋಡಿ, ಉತ್ತರದ ಧಾಟಿಯೇ ಬದಲಾಗುತ್ತದೆ. ಮಂಗಳೂರು ವಿಮಾನ ನಿಲ್ದಾಣ ನಮಗೆ ಹತ್ತಿರ ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶವ ಬಂದಿಳಿಯುವ ಊರು ಅಂತ ಬೆಂಗಳೂರನ್ನೇ ಬರೆಸಿ. ಶಿರಾಡಿ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು.

ರಾಯಭಾರ ಕಚೇರಿಗಳು ಯಾಕೆ ಇಷ್ಟು ಬಿಗಿದ ತುಟಿಯಲ್ಲಿ ಉತ್ತರ ಕೊಡುತ್ತವೆ ಅಂತ ಬೈಯುವವರಿದ್ದಾರೆ. ಅದಕ್ಕೆ ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಕೆನಡಾದ ವಿದೇಶಾಂಗ ಇಲಾಖೆ ಸೌದಿಯಲ್ಲಿ ಬಂಧಿತರಾದ ಹೋರಾಟಗಾರರನ್ನು ಬಿಡಬೇಕು ಅಂತ ಟ್ವೀಟ್ ಮಾಡಿತು, ಅವರ ರಾಯಭಾರ ಕಚೇರಿ ಅದನ್ನೇ ಅರಬ್ಬಿಯಲ್ಲೂ ಹಾಕಿತು. ಸೌದಿ ಸರ್ಕಾರ ಕೆನಡಾದ ರಾಯಭಾರಿಯನ್ನೇ ಹೊರಗೆ ಕಳಿಸಿತು, ಹೊಸ ವ್ಯಾಪಾರ ನಿಲ್ಲಿಸಿತು, ಕೆನಡಾದಲ್ಲಿ ಓದುತ್ತಿದ್ದ ತನ್ನ ವಿದ್ಯಾರ್ಥಿಗಳನ್ನು ವಾಪಸ್ ಕರೆಸಿತು. ನಮ್ಮ ದೆಹಲಿಯಲ್ಲೇ 2021ರ ಮೇ ತಿಂಗಳಲ್ಲಿ ನ್ಯೂಜಿಲೆಂಡ್ ಹೈಕಮಿಷನ್ ಆಮ್ಲಜನಕದ ಸಿಲಿಂಡರಿಗೆ ಯುವ ಕಾಂಗ್ರೆಸ್ ಮುಖಂಡರನ್ನು ಬಹಿರಂಗವಾಗಿ ಟ್ಯಾಗ್ ಮಾಡಿ, ಗದ್ದಲವಾಗಿ, ಟ್ವೀಟ್ ಅಳಿಸಿ, ತಪ್ಪು ಅರ್ಥವಾಗಿದೆ ಅಂತ ಸಮಜಾಯಿಷಿ ಕೊಡಬೇಕಾಯಿತು. ಖಾತೆ ನೋಡಿಕೊಳ್ಳುವವನ ಕುತ್ತಿಗೆಯ ಮೇಲೆ ಇಂಥ ಕತ್ತಿ ತೂಗುತ್ತಿರುತ್ತದೆ. ನಿಮ್ಮ ಪೋಸ್ಟಿನಲ್ಲಿ "ಆ ದೇಶವೇ ಕಳ್ಳರ ದೇಶ" ಅಂತ ಒಂದು ಪದ ಇದ್ದರೂ ಆತ ಅದನ್ನು ಮುಟ್ಟುವುದಿಲ್ಲ, ಅದಕ್ಕೆ ಉತ್ತರ ಕೊಟ್ಟರೆ ಆ ಮಾತನ್ನು ಒಪ್ಪಿದಂತೆ ಕಾಣುತ್ತದೆ. ಬೈಗುಳ ತೆಗೆದು ಹಾಕಿದ ದಿನದಿಂದ ನನ್ನ ಉತ್ತರಗಳ ಸಂಖ್ಯೆ ಎರಡು ಪಟ್ಟು ಆಯಿತು ಅಂದರೆ ಉತ್ಪ್ರೇಕ್ಷೆಯಲ್ಲ.

ರಾಜಕೀಯವೂ ಅಷ್ಟೇ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಸಿಕ್ಕಿಬಿದ್ದಾಗ ಸಿದ್ದರಾಮಯ್ಯನವರು ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಅವರು ಜೀವದ ಪ್ರಶ್ನೆ, ರಾಜಕೀಯ ಬೇಡ ಅಂತ ಖಾರವಾಗಿ ಉತ್ತರಿಸಿದರು. ಎದುರಿಗೆ ವಿಧಾನಸಭಾ ಚುನಾವಣೆ, ಎರಡು ದಿನ ಅದೇ ಚರ್ಚೆ. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲೂ ಹಕ್ಕಿಪಿಕ್ಕಿಗಳ ಕಾಲೊನಿ ಇದೆ, ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗುವವರು ಇದ್ದಾರೆ, ಹಾಗಾಗಿ ಈ ಕಡೆ ಎಲ್ಲರೂ ಅದನ್ನು ಗಮನಿಸಿದರು. ಆ ಜಗಳದಲ್ಲಿ ಸಚಿವರು ಹೇಳಿದ ಒಂದು ಮಾತು ನಮ್ಮ ಕಸುಬಿಗೆ ಬೇಕಾದದ್ದು: ಭದ್ರತೆಯ ಕಾರಣಕ್ಕೆ ಭಾರತೀಯರ ವಿವರ, ಇರುವ ಜಾಗ ಬಹಿರಂಗಪಡಿಸಲಾಗದು. ಸರಿಯೇ. ಗುಂಡು ಹಾರುತ್ತಿರುವ ಊರಿನಲ್ಲಿ ಮೂವತ್ತು ಜನ ಇಂಥ ಕಟ್ಟಡದಲ್ಲಿದ್ದಾರೆ, ಹತ್ತಿರ ಹಣವೂ ಇದೆ ಅಂತ ಲೊಕೇಶನ್ ಸಮೇತ ಹಾಕಿದರೆ ಓದುವವರು ರಾಯಭಾರಿ ಒಬ್ಬರೇ ಅಲ್ಲ. ಆಮೇಲೆ ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್‌ನಿಂದ ಜಿದ್ದಾಕ್ಕೆ ಹಡಗು, ವಿಮಾನದಲ್ಲಿ ಕರೆತಂದರು.

ಯುದ್ಧದ ಸಮಯದಲ್ಲಿ ನಾವು ಪೋಸ್ಟ್ ಹಾಕುವುದಕ್ಕಿಂತ ಅವರ ಪೋಸ್ಟ್ ಓದುವುದೇ ದೊಡ್ಡ ಕೆಲಸ. ಉಕ್ರೇನಿನಿಂದ ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಿ ಅಂತ ಕೀವ್‌ನ ನಮ್ಮ ರಾಯಭಾರ ಕಚೇರಿ 2022ರ ಫೆಬ್ರವರಿ 15ರಂದೇ ವಿದ್ಯಾರ್ಥಿಗಳಿಗೆ ಸೂಚನೆ ಹಾಕಿತ್ತು, ಯುದ್ಧ ಶುರುವಾದದ್ದು 24ಕ್ಕೆ. ಮಾರ್ಚ್ 2ರಂದು ಹಾರ್ಕಿವ್‌ನಲ್ಲಿದ್ದವರಿಗೆ ಪೆಸೋಚಿನ್, ಬಾಬಾಯೆ, ಬೆಜ್ಲ್ಯುಡೋವ್ಕಾ ಈ ಮೂರು ಊರಿಗೆ ಸಂಜೆ ಆರರೊಳಗೆ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ ಅಂತ ಟ್ವೀಟ್ ಬಂತು. ಅಲ್ಲಿನ ಸಂಜೆ ಆರು ಅಂದರೆ ನಮ್ಮ ರಾತ್ರಿ ಒಂಬತ್ತೂವರೆ. ಇಲ್ಲಿಂದ ಫಾರ್ವರ್ಡ್ ಮಾಡಿದವರು "ಸಂಜೆ ಆರರೊಳಗೆ" ಅಂತ ಮಾತ್ರ ಬರೆದು, ಪೋಷಕರು ನಮ್ಮ ಗಡಿಯಾರ ನೋಡಿ ಆಗಲೇ ಹೊತ್ತು ಮೀರಿತು ಅಂತ ಹೆದರಿದ್ದರು. ಸೂಚನೆಗಳನ್ನು ಹಂಚುವಾಗ ಎರಡೂ ದೇಶದ ಸಮಯ, ಪೋಸ್ಟ್ ಆದ ಗಂಟೆ, ಊರಿನ ಹೆಸರು ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ ಇಡಬೇಕು. ಕನ್ನಡಿಸಿದ ಹೆಸರು ಮ್ಯಾಪಿನಲ್ಲಿ ಸಿಗುವುದಿಲ್ಲ.

ಇನ್ನು ಪೋಸ್ಟ್ ಹಾಕಿದ ಹತ್ತು ನಿಮಿಷಕ್ಕೆ ಏನಾಗುತ್ತದೆ ನೋಡಿ. "ನಾವು ರಾಯಭಾರ ಕಚೇರಿ, ಡಿಎಂ ಮಾಡಿ" ಅಂತ ನಾಲ್ಕು ಖಾತೆ ಬರುತ್ತವೆ. ಅದೇ ಲಾಂಛನ, ಹೆಸರಿನಲ್ಲಿ ಒಂದು ಅಡಿಗೆರೆ ಹೆಚ್ಚು. ಪಾಸ್‌ಪೋರ್ಟ್ ಕೇಳುತ್ತವೆ, ಆಮೇಲೆ ಟಿಕೆಟಿಗೆ ಇಂತಿಷ್ಟು ಹಾಕಿ ಅನ್ನುತ್ತವೆ. ಸರ್ಕಾರಿ ಖಾತೆಗೆ ಬೂದು ಬಣ್ಣದ ಟಿಕ್ ಇರುತ್ತದೆ, ನೀಲಿ ಟಿಕ್ ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತದೆ. ಆದರೂ ನಾನು ಟಿಕ್ ನಂಬುವುದಿಲ್ಲ, ಕಚೇರಿಯ ಸರ್ಕಾರಿ ವೆಬ್‌ಸೈಟ್ ತೆರೆದು ಅಲ್ಲಿನ ಕೊಂಡಿ ಒತ್ತಿ ಖಾತೆಗೆ ಹೋಗುತ್ತೇನೆ. ಕಳಿಸುವ ಪ್ರತಿ ಸ್ಕ್ಯಾನಿನ ಮೇಲೆ ಅಡ್ಡಲಾಗಿ ಮದದ್ ನಂಬರ್, ದಿನಾಂಕ, "ಈ ದೂರಿಗೆ ಮಾತ್ರ" ಅಂತ ಅಚ್ಚು ಹಾಕುತ್ತೇನೆ. ಒಂದು ಮನೆಯವರು ಎಂಟೋ ಒಂಬತ್ತೋ ಸಾವಿರ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ಆಳೇ ಅಲ್ಲಿಂದ ವಿಡಿಯೊ ಮಾಡಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಯುಎಇಯಲ್ಲಿ ಸೈಬರ್ ಕಾನೂನು ಬಹಳ ಬಿಗಿ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಮುಖ, ಮನೆ ತೋರಿಸಿದರೆ, ಹೆಸರು ಹಿಡಿದು ಬೈದರೆ, ಸಂಬಳ ಕೇಳಲು ಹೋದವನೇ ಆರೋಪಿ. ಸೌದಿಯಲ್ಲಿ ವಿಡಿಯೊ ನೋಡಿದ ಕಫೀಲ್ ಹುರೂಬ್, ಅಂದರೆ ಕೆಲಸ ಬಿಟ್ಟು ಓಡಿಹೋದ ಅಂತ ದೂರು ಕೊಟ್ಟುಬಿಟ್ಟರೆ ಮುಗಿಯಿತು, ಅದನ್ನು ತೆಗೆಸುವುದು ಸಂಬಳ ಕೊಡಿಸುವುದಕ್ಕಿಂತ ಕಷ್ಟ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳ ಕೇಸಾದರೆ ಪೋಸ್ಟ್ ಹಾಕುವುದೇ ಇಲ್ಲ. ಅಲ್ಲಿ ಕೂಡಿಹಾಕಿದವರ ಕೆಲಸವೇ ದಿನವಿಡೀ ಸೋಷಿಯಲ್ ಮೀಡಿಯಾ ನೋಡುವುದು. ಇಮೇಲ್, ಫೋನ್ ಅಷ್ಟೇ.

ಉತ್ತರ ಬಂದ ಮೇಲಿನ ಕೆಲಸವನ್ನು ಯಾರೂ ಮಾಡುವುದಿಲ್ಲ. ಅವರು ಇಮೇಲ್ ವಿಳಾಸ ಕೊಡುತ್ತಾರೆ. ಇಮೇಲಿನ ವಿಷಯದ ಸಾಲಿನಲ್ಲಿ ಮದದ್ ನಂಬರೇ ಮೊದಲ ಪದ. ಫೈಲುಗಳು ಒಂದೇ ಪಿಡಿಎಫ್, ಎರಡು ಎಂಬಿ ಒಳಗೆ, ಪುಟದ ಕ್ರಮ ಪಾಸ್‌ಪೋರ್ಟ್, ಗುರುತಿನ ಚೀಟಿ, ವೀಸಾ, ಮನೆಯವರ ಅರ್ಜಿ. ಏಳು ದಿನಕ್ಕೊಮ್ಮೆ ನೆನಪೋಲೆ, ಹಳೆಯ ಪೋಸ್ಟಿನ ಕೆಳಗೇ, ಹೊಸದಾಗಿ ಅಲ್ಲ. ಆ ನೆನಪೋಲೆಯಲ್ಲಿ ನಾನು ಬರೆಯುವ ಒಂದು ಸಾಲು ಇದೆ, ಅದಕ್ಕೆ ಉತ್ತರ ಬಾರದೇ ಇದ್ದದ್ದು ನಾಲ್ಕೈದು ಸಲ ಮಾತ್ರ. ಬೇಕಾದವರು ಅಂಗಡಿಗೆ ಬನ್ನಿ, ಕಾಫಿ ಕುಡಿಸಿ, ಹೇಳುತ್ತೇನೆ. ಕೆಲಸ ಆದ ದಿನ ಬಹಿರಂಗವಾಗಿ ಧನ್ಯವಾದ ಹಾಕಬೇಕು, ಕಚೇರಿಯ ಹೆಸರು ಹಿಡಿದು. ಆ ಕಿರಿಯ ಅಧಿಕಾರಿ ಮೇಲಿನವರಿಗೆ ತೋರಿಸುವುದು ಅದನ್ನೇ. ಮುಂದಿನ ಕೇಸಿಗೆ ನಿಮ್ಮ ಖಾತೆಯ ಹೆಸರು ಅವನಿಗೆ ನೆನಪಿರುತ್ತದೆ. ಒಂದು ತಿಂಗಳು ಬಿಟ್ಟು ದೂರಿನ ಪೋಸ್ಟ್ ಅಳಿಸಿ, ಧನ್ಯವಾದ ಉಳಿಸಿ. ಹಳ್ಳಿಗೆ ವಾಪಸ್ ಬಂದ ಹೆಣ್ಣುಮಗಳ ಕಥೆ ಎಕ್ಸ್‌ನಲ್ಲಿ ಯಾಕೆ ಉಳಿಯಬೇಕು?

ದುಡ್ಡಿನ ವಿಷಯ. ಮೊದಲು ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಸ್ಕ್ಯಾನು, ಪ್ರಿಂಟು, ಮೂರು ತಿಂಗಳ ನೆನಪೋಲೆ ಎಲ್ಲ ಸೇರಿ ಕೈಯಿಂದಲೇ ಹೋಗುತ್ತಿತ್ತು. ಅರಬ್ಬಿ ಕಾಗದ ಓದಿಸಲು ಪುಟಕ್ಕೆ ಆರೇಳು ನೂರು. ಈಗ ಫೋನಿನ ಕ್ಯಾಮೆರಾ ಅನುವಾದ ಇದೆ, ಸಾರಾಂಶ ತಿಳಿಯಲು ಸಾಕು, ಆದರೆ ಕಫೀಲ್ ಹೆಸರನ್ನು ಅದು ಅರ್ಥ ಹಿಡಿದು ಅನುವಾದ ಮಾಡಿಬಿಡುತ್ತದೆ, ಹುಷಾರು. ಒಂದು ಸಲ ಅಬ್ದುಲ್ ಕರೀಮ್ ಅನ್ನುವವರು "ಉದಾರಿಯ ಸೇವಕ" ಆಗಿದ್ದರು. ಈಗ ಬದುಕಿರುವವರ ಕೇಸಿಗೆ ಆರುನೂರು, ಅರ್ಧ ಮುಂಗಡ. ಸಾವಿನ ಕೇಸಿಗೆ ಏನೂ ಇಲ್ಲ. ಇದೇ ಕೆಲಸಕ್ಕೆ ಹದಿನೈದು ಇಪ್ಪತ್ತು ಸಾವಿರ ಕೇಳುವ ದಲ್ಲಾಳಿಗಳು ಈಗಲೂ ಇದ್ದಾರೆ, ಅವರು ಮಾಡುವುದೂ ಮದದ್ ದೂರೇ. ಈ ಕೆಲಸದಿಂದ ಅಂಗಡಿ ನಡೆಯುವುದಿಲ್ಲ. ಆದರೆ ಹೀಗೆ ಬಂದವರೇ ಪಹಣಿ, ಪಾಸ್‌ಪೋರ್ಟ್ ಅರ್ಜಿಗೂ ನನ್ನ ಹತ್ತಿರ ಬರುತ್ತಾರೆ, ಲೆಕ್ಕ ಅಲ್ಲಿ ಸರಿಹೋಗುತ್ತದೆ. ನೀಲಿ ಟಿಕ್‌ಗೆ ತಿಂಗಳಿಗೆ ಆರುನೂರೈವತ್ತರಂತೆ ನಾಲ್ಕು ತಿಂಗಳು ಕಟ್ಟಿದೆ, ಉತ್ತರದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಫಾಲೋವರ್‌ಗಳನ್ನು ಕೊಂಡದ್ದಂತೂ ಶುದ್ಧ ಮೂರ್ಖತನ, ಸಾವಿರದಿನ್ನೂರು ನೀರುಪಾಲು.

ಎಷ್ಟೋ ಕೇಸ್ ಹುಟ್ಟುವುದೇ ಹೋಗುವಾಗಿನ ಎಡವಟ್ಟಿನಿಂದ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕು, ಗಲ್ಫ್ ಸೇರಿ 18 ದೇಶಕ್ಕೆ. ಅದನ್ನು ತಪ್ಪಿಸಲು ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ. ಇ-ಮೈಗ್ರೇಟ್‌ನಲ್ಲಿ ಹೋಗಿದ್ದರೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿ ಹತ್ತು ಲಕ್ಷದ ವಿಮೆ ಇರುತ್ತಿತ್ತು. ವಿಸಿಟ್ ವೀಸಾದವರ ಪೋಸ್ಟಿನಲ್ಲಿ "ಕಾರ್ಮಿಕ" ಅಂತ ಬರೆದರೆ ದಾಖಲೆಗೂ ಮಾತಿಗೂ ತಾಳೆಯಾಗದೆ ಕೇಸ್ ನಿಲ್ಲುತ್ತದೆ. ವೀಸಾ ಯಾವುದೋ ಅದನ್ನೇ ಬರೆಯಿರಿ, ನಾಚಿಕೆ ಬೇಡ.

ಫೇಸ್‌ಬುಕ್ಕಿನ ಬಗ್ಗೆ ಒಂದು ಮಾತು. ಗಲ್ಫಿನ ರಾಯಭಾರ ಕಚೇರಿಗಳು ಓಪನ್ ಹೌಸ್ (ದೂರು ಇರುವವರು ಅಧಿಕಾರಿಗಳನ್ನು ನೇರ ಕಾಣುವ ದಿನ), ದೂರದ ಊರುಗಳಲ್ಲಿ ನಡೆಸುವ ಶಿಬಿರಗಳ ದಿನಾಂಕವನ್ನು ಅಲ್ಲೂ ಹಾಕುತ್ತವೆ. ಆಳು ಹೊರಗೆ ಬರುವ ಸ್ಥಿತಿಯಲ್ಲಿದ್ದರೆ ನಾಲ್ಕು ಪೋಸ್ಟಿಗಿಂತ ಒಂದು ಓಪನ್ ಹೌಸ್ ಮೇಲು. ಪೋಸ್ಟ್ ಆಗಿ ಹದಿನೈದು ದಿನವಾದರೂ ಸದ್ದಿಲ್ಲದಿದ್ದರೆ ನಾನು ಮೊದಲು ನೋಡುವುದು ಮುಂದಿನ ಓಪನ್ ಹೌಸ್ ಯಾವತ್ತು ಅಂತ.

ಇದರ ಮಧ್ಯೆ ಒಂದು ಹುಚ್ಚು ಪ್ರಯೋಗವೂ ನಡೆದಿದೆ. ರಾಯಭಾರ ಕಚೇರಿಗಳ ಖಾತೆಗಳಿಗೆ ದಿನಾ ಏನಾದರೂ ಚೆಂದದ್ದು ಬೇಕು, ನಮ್ಮಲ್ಲಿ ಕಾಫಿ ಇದೆ. ಅಕ್ಟೋಬರ್ 1 ಅಂತರರಾಷ್ಟ್ರೀಯ ಕಾಫಿ ದಿನ, ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಲ್ಲಂದೂರು ಕಡೆಯ ಬೆಳೆಗಾರರೊಬ್ಬರಿಗಾಗಿ ಮೊದಲ ಸಲ ಎಸ್ಟೇಟಿನ ಲೋಗೊ, ಬೆಲೆ ಪಟ್ಟಿ ಇರುವ ಮೂವತ್ತು ಪುಟದ ಪಿಡಿಎಫ್ ಹತ್ತು ಕಚೇರಿಗೆ ಕಳಿಸಿದೆ. ಒಬ್ಬರೂ ಉಸಿರೆತ್ತಲಿಲ್ಲ. ಸರ್ಕಾರಿ ಖಾತೆ ಖಾಸಗಿ ಬ್ರ್ಯಾಂಡಿನ ಜಾಹೀರಾತು ಹಾಕುವುದಿಲ್ಲ ಅಂತ ಆಗ ಹೊಳೆಯಲಿಲ್ಲ. ಎರಡನೇ ವರ್ಷ ಲೋಗೊ ಇಲ್ಲ, ಬೆಲೆ ಇಲ್ಲ, ನಾಲ್ಕು ಫೋಟೊ, ಮೂವತ್ತು ಸೆಕೆಂಡಿನ ವಿಡಿಯೊ ಅಡ್ಡದ್ದೊಂದು ಉದ್ದದ್ದೊಂದು, ಬಳಸಿಕೊಳ್ಳಲು ಒಪ್ಪಿಗೆ ಪತ್ರ, ಇಂಗ್ಲಿಷಿನಲ್ಲಿ ಎರಡು ಸಾಲು ತಯಾರು, ಆಗಸ್ಟ್ ಕೊನೆಯಲ್ಲೇ ರವಾನೆ. ಒಂದು ಕಾನ್ಸುಲೇಟ್ ಎರಡು ಫೋಟೊ ಹಾಕಿತು. ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 2023ರ ಸೆಪ್ಟೆಂಬರಿನಲ್ಲಿ ಇದೇ ನಮೂನೆ ಇನ್ನೂ ಚೆನ್ನಾಗಿ ನಡೆಯಿತು, ಮೂರು ಕಡೆ ಬಂತು.

ಕಾಫಿಗೆ ಬಂದ ತೊಡಕು ಬೇರೆ. ಅಕ್ಟೋಬರ್ ಹೊತ್ತಿಗೆ ಅರೇಬಿಕಾ ಹಣ್ಣು ಇನ್ನೂ ಹಸಿರು, ಆಗಸ್ಟಿನಲ್ಲಂತೂ ಬರೀ ಮಳೆ, ಎಲೆ, ಜಿಗಣೆ. ಹೂವು ಹೂಮಳೆ ಬಿದ್ದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ, ಅದೂ ನಾಲ್ಕೈದು ದಿನ. ಕೆಂಪು ಹಣ್ಣು ಬೇಕೆಂದರೆ ಹಿಂದಿನ ಡಿಸೆಂಬರಿನಲ್ಲೇ ತೆಗೆದಿಟ್ಟುಕೊಳ್ಳಬೇಕು. ನಾನು ಕಳಿಸಿದ್ದು ಹಸಿರು ಕಾಯಿಯ ಫೋಟೊ, ನೋಡಿದವರು ಇದು ಕಾಫಿಯಾ ಅಂತ ಕೇಳಿದ್ದರು. ಈ ಡಿಸೆಂಬರಿನಲ್ಲಿ ಕೊಯ್ಲಿನ ದಿನ ಬೆಳಿಗ್ಗೆ ಎಂಟರೊಳಗೆ ತೋಟಕ್ಕೆ ಹೋಗಬೇಕು, ಮಂಜಿನ ಹನಿ ಹಣ್ಣಿನ ಮೇಲೆ ಇರುವಾಗ.